ಹಸಿರು ಟಿಕ್ಕಿಗೆ ಹೊಣೆ ಯಾರು?

ನಮ್ಮ ನಾಲ್ಕೂ ತಾಲ್ಲೂಕುಗಳ ದಾಖಲೆ ಪರಿಶೀಲಿಸುವ ಮಾನ್ಯ ಅಧಿಕಾರಿಗಳೇ,

ಚಿನಕುರಳಿಯ ಚಲುವಮ್ಮನವರ ಒಂದೂವರೆ ಎಕರೆ ಹೊಲವನ್ನು ಸೋಮವಾರ ಕಲ್ಲುಕ್ವಾರಿಯವರ ವಶಕ್ಕೆ ಕೊಡುವಂತೆ ತಾವು ಆದೇಶಿಸಿದ್ದೀರಿ. ಆಕೆ ಗುತ್ತಿಗೆಗೆ ಒಪ್ಪಿದ್ದಾರೆಂದು ದೃಢೀಕರಿಸುವ, ಡಿಜಿಟಲ್ ಸಹಿಯುಳ್ಳ ಪತ್ರವೇ ಅದಕ್ಕೆ ಆಧಾರ. ಆಕೆ ಒಪ್ಪಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಬಹಳ. ನಾನು ಕಾಯಿಯನ್ನೇ ಹೊತ್ತು ಬಂದಿದ್ದೇನೆ. ಆ ಪತ್ರದ ಸಹಿಯ ಮೇಲೆ ಹಸಿರು ಟಿಕ್ಕು ಬರಿಸಿದವನು ನಾನು.

ಬಸ್‌ಸ್ಟಾಂಡಿನ ಎದುರು ನನ್ನದೊಂದು ಕಂಪ್ಯೂಟರ್ ಅಂಗಡಿ ಇದೆ. ತಮ್ಮ ಜಾಲತಾಣದಿಂದ ಇಳಿಸಿಕೊಂಡ ಯಾವ ಪತ್ರ ತೆರೆದರೂ ಸಹಿಯ ಮೇಲೆ ಹಳದಿ ಪ್ರಶ್ನೆಚಿಹ್ನೆ ಕಾಣುತ್ತದೆ. ‘ಇದು ಯಾರ ಸಹಿಯೋ ನನಗೆ ತಿಳಿಯದು’ ಎಂದು ಕಂಪ್ಯೂಟರ್ ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತಿದೆ. ಕಚೇರಿಗಳಲ್ಲಿ ಇದು ಅಪರೂಪದ ಗುಣ. ಆದರೆ ತಮ್ಮ ಬಾಗಿಲಿನ ಚೀಟಿಯಲ್ಲಿ ‘ಹಸಿರು ಟಿಕ್ಕು ಇರುವ ಪ್ರತಿ ಮಾತ್ರ ಸ್ವೀಕೃತ’ ಎಂದಿದೆ. ವಾಪಸು ಬಂದ ಜನ ನನ್ನ ಮೇಲೆ ಹರಿಹಾಯುತ್ತಿದ್ದರು. ತಮ್ಮ ಗುಮಾಸ್ತರನ್ನು ಕೇಳಿದೆ. “ರುಜು ಮ್ಯಾಲೆ ಒತ್ತಿ, ‘ನಂಬು’ ಅಂತ ಕೊಟ್ಬುಡಿ. ಅಸ್ರು ತಾನಾಗೇ ಬತ್ತದೆ,” ಎಂದರು.

ಬಂತು. ಎರಡು ವರ್ಷ, ಹೊಸ ಸಹಿ ಬಂದಾಗಲೆಲ್ಲ ಒತ್ತಿದೆ. ಸಹಿ ಯಾರದೆಂದು ಓದುವುದನ್ನೂ ಬಿಟ್ಟೆ. ಆಯುಧಪೂಜೆಯ ಹಿಂದಿನ ದಿನ ನೂಕುನುಗ್ಗಲಿನಲ್ಲಿ ಯಾರೋ ಪೆನ್‌ಡ್ರೈವ್ ಕೊಟ್ಟರು. ಹಳದಿ ಬಂತು, ಒತ್ತಿದೆ, ಹಸಿರಾಯಿತು, ಪ್ರಿಂಟು ಕೊಟ್ಟೆ.

ಕಳೆದ ವಾರ ಚಲುವಮ್ಮ ಆ ಪತ್ರದ ನಕಲು ಹಿಡಿದು ಬಂದರು. “ನಾನು ಎಬ್ಬೆಟ್ಟೂ ಒತ್ತಿಲ್ಲ ಕಣಪ್ಪ. ಇದ್ಯಾರ್ ರುಜುವೋ ವಸಿ ಓದು,” ಎಂದರು. ಅಂದು ಪೆನ್‌ಡ್ರೈವಿನಿಂದ ಇಳಿಸಿಕೊಂಡು ನನ್ನ ಕಂಪ್ಯೂಟರಿನಲ್ಲೇ ಉಳಿದಿದ್ದ ಫೈಲು ತೆರೆದು ಮೊದಲ ಬಾರಿಗೆ ಓದಿದೆ. ಸಹಿ ಮಾಡಿದವರ ಜಾಗದಲ್ಲಿ ತಮ್ಮ ಹುದ್ದೆಯ ಹೆಸರು. ಆ ಸಹಿ ನಿಜವೆಂದು ಪ್ರಮಾಣೀಕರಿಸಿದವರ ಜಾಗದಲ್ಲೂ ಅದೇ ಹೆಸರು. ಅಸಲಿ ಸಹಿಯಾಗಿದ್ದರೆ ಅಲ್ಲಿ ಸರ್ಕಾರ ಮಾನ್ಯ ಮಾಡಿದ ಬೇರೊಂದು ಸಂಸ್ಥೆಯ ಹೆಸರಿರಬೇಕು; ಯಾರೋ ತಮ್ಮ ಹೆಸರಿನಲ್ಲಿ ತಾವೇ ಸಹಿ ಹುಟ್ಟಿಸಿಕೊಂಡಿದ್ದರು. ಕಳ್ಳನಿಗೆ ಕಳ್ಳನೇ ಜಾಮೀನು ನಿಂತಿದ್ದ. ನಂಬೆಂದು ನಾನು ಹೇಳಿಕೊಟ್ಟದ್ದರಿಂದ ನನ್ನ ಕಂಪ್ಯೂಟರ್ ಅವನನ್ನೂ ನಂಬಿತ್ತು. ಆ ತಾಯಿಯ ಮುಖ ನೋಡಲಾಗಲಿಲ್ಲ.

ತಮ್ಮ ಗುಮಾಸ್ತರಿಗೆ ತಿಳಿಸಿದರೆ, “ಅಸ್ರು ಐತಲ್ಲ, ಇನ್ನೇನು?” ಎಂದರು. ಸ್ವಾಮಿ, ಕಾಗದಕ್ಕಿಳಿದ ಮೇಲೆ ಆ ಟಿಕ್ಕಿಗೂ ಸ್ಕೆಚ್‌ಪೆನ್ನಿನ ಗೀಟಿಗೂ ಏನು ವ್ಯತ್ಯಾಸ? ಮೂಲ ಫೈಲನ್ನು ತಮ್ಮಲ್ಲಿ ಯಾರಾದರೂ ಒಮ್ಮೆಯಾದರೂ ತೆರೆದು ನೋಡಿದ್ದಾರೆಯೇ? ನಾನು ಹಸಿರು ಮಾಡಿಕೊಟ್ಟ ಪತ್ರಗಳಲ್ಲಿ ಇನ್ನೂ ಯಾರ ಯಾರ ಹೊಲಗಳು ಹೋಗಿವೆಯೋ ನನಗೆ ಗೊತ್ತಿಲ್ಲ. ತಮಗೂ ಗೊತ್ತಿಲ್ಲ.

ಚಲುವಮ್ಮನವರ ಹೊಲದ ನಾಲ್ಕೂ ಮೂಲೆಗೆ ಆಗಲೇ ಸುಣ್ಣದ ಗುರುತು ಬಿದ್ದಿದೆ. ಸೋಮವಾರದೊಳಗೆ ಆ ಫೈಲನ್ನು, ಯಾರೂ ‘ನಂಬು’ ಒತ್ತಿರದ ಕಂಪ್ಯೂಟರಿನಲ್ಲಿ, ಆಕೆಯ ಎದುರಿಗೇ ತೆರೆಯಿರಿ. ಅಲ್ಲಿಯವರೆಗೆ ಆದೇಶವನ್ನು ತಡೆಹಿಡಿಯಿರಿ. ನನ್ನ ಮೇಲೆ ಕೇಸು ಹಾಕುವುದಾದರೆ ಹಾಕಿ, ಬರುತ್ತೇನೆ.

ತಡಮಾಡಬೇಡಿ. ಇವತ್ತು ಬೆಳಿಗ್ಗೆ ಪ್ರಿಂಟಿಗೆ ಬಂದ ಒಂದು ಫೈಲು, ನಾನು ಏನೂ ಒತ್ತುವ ಮೊದಲೇ ಹಸಿರಾಗಿ ತೆರೆದುಕೊಂಡಿತು. ಅದೇ ಕಳ್ಳಸಹಿ; ಹಬ್ಬದ ಹಿಂದಿನ ದಿನ ನಾನು ನಂಬೆಂದದ್ದನ್ನು ಕಂಪ್ಯೂಟರ್ ಇನ್ನೂ ಮರೆತಿಲ್ಲ. ಈ ಸಲ ಹೊಲ ಬೆಳಗೊಳದ ಚಿಕ್ಕಬೋರಮ್ಮ ಎಂಬುವರದು. ಪ್ರಿಂಟು ಕೊಡುವುದಿಲ್ಲ ಎಂದೆ. ತಂದವನು ಸಿಟ್ಟಾಗಲಿಲ್ಲ. “ಆಗ್ಲಿ ಬುಡಣ್ಣ, ಬ್ಯಾರೆ ಅಂಗ್ಡಿ ಅವೆ,” ಎಂದು ಹೊರಟುಹೋದ.

ಇಂತಿ,
ತಮ್ಮ ಸೂಚನೆಯನ್ನು ಚಾಚೂ ತಪ್ಪದೆ ಪಾಲಿಸಿದ
ಶಿವಶಂಕರ್, ಚಿನಕುರಳಿ