ಅವರ ಪಾಡಿಗೆ ಅವರು, ಅರಳೆಯ ಪಾಡಿಗೆ ಅರಳೆ

ಗಲ್ಲಿಯ ಕ್ಷೌರದಂಗಡಿ,
ತಾರೀಖು ಹದಿನಾಲ್ಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ,

ಈ ಗಲ್ಲಿಯ ಏಕೈಕ ತತ್ವಜ್ಞಾನಿಯೂ ಅತ್ಯುತ್ತಮ ಕ್ಷೌರಿಕನೂ ಆದ ನಿನ್ನ ಸೋದರಮಾವನ ಆಶೀರ್ವಾದಗಳು. ಹೇಗಿದ್ದೀಯ ಮಗಳೇ? ತಲೆನೋವು ಕಡಿಮೆಯಾಯಿತೇ? ಕೂದಲು ಉದುರುತ್ತಿದೆ ಎಂದು ಬರೆದಿದ್ದೆ. ಓದಿ ಓದಿ ಉದುರುವ ಕೂದಲಿಗೆ ಎಣ್ಣೆ ಕೆಲಸ ಮಾಡುವುದಿಲ್ಲ, ನಿದ್ದೆ ಮಾಡಬೇಕು. ಆ ಊರಿನಲ್ಲಿ ಯಾರ ಕತ್ತರಿಗೂ ತಲೆ ಕೊಡಬೇಡ, ನಾನಿನ್ನೂ ಬದುಕಿದ್ದೇನೆ. ನಿನ್ನ ಅತ್ತೆಯ ಮೊಣಕಾಲು ಹಾಗೇ ಇದೆ, ಬಾಯಿ ಅದಕ್ಕಿಂತ ಚೆನ್ನಾಗಿದೆ. ನಿನ್ನ ಅಮ್ಮನಂತೂ ಎಷ್ಟು ಗಟ್ಟಿಯಾಗಿದ್ದಾಳೆ ಎಂದರೆ, ನನ್ನನ್ನು ಬೈಯಲು ಶುರು ಮಾಡಿದರೆ ಎದುರು ಸಾಲಿನ ಗಿರಾಕಿಗಳೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಗಿರಣಿ ಮುಚ್ಚಿ ಅಮ್ಮನ ಕೆಲಸ ಹೋದ ಮೇಲೆ, ಹಾಸಿಗೆ ಅಂಗಡಿ ಇಡಲು ಅವಳಿಗೆ ಅಪ್ಪಣೆ ಸಿಗದಿದ್ದರೆ ಓದು ಬಿಟ್ಟು ಬಂದು ದುಡಿಯುತ್ತೇನೆ ಎಂದು ನೀನು ಬರೆದಿದ್ದೆ. ಅದನ್ನು ಓದಿ ಅವಳು ಎರಡು ದಿನ ನನ್ನನ್ನು ಬೈಯಲೇ ಇಲ್ಲ, ನನಗೆ ಭಯವಾಯಿತು. ಅದೇ ಕಾಗದದಲ್ಲಿ ನಿನ್ನ ಪಾಠದ ಸಿದ್ಧಾಂತವನ್ನೂ ಬರೆದಿದ್ದೆಯಲ್ಲ, ಲಿಬರ್ಟೇರಿಯನ್ ಅಂತ? ಒಬ್ಬನ ಮೈ, ಅವನ ದುಡಿಮೆ ಅವನದೇ. ಯಾರ ಮೇಲೂ ಕೈ ಮಾಡದೆ, ಯಾರಿಗೂ ಮೋಸ ಮಾಡದೆ ಅವನು ಏನು ಮಾಡಿದರೂ ತಡೆಯುವ ಹಕ್ಕು ಸರ್ಕಾರಕ್ಕೂ ಇಲ್ಲ, ಸಂಘಕ್ಕೂ ಇಲ್ಲ ಎಂದು. ಆ ಹೆಸರು ನನ್ನ ನಾಲಿಗೆಗೆ ತಿರುಗಲಿಲ್ಲ. ‘ಅವರ ಪಾಡಿಗೆ ಅವರು’ ಎಂದು ಹೊಸ ನಾಮಕರಣ ಮಾಡಿ, ಮಾರನೆಯ ದಿನದಿಂದಲೇ ಪ್ರಚಾರಕ್ಕೆ ಇಳಿದೆ. ಸಿದ್ಧಾಂತ ಹರಡಲು ಕ್ಷೌರದಂಗಡಿಗಿಂತ ಒಳ್ಳೆಯ ಜಾಗವಿಲ್ಲ ಪುಟ್ಟಿ. ಗಂಟಲ ಮೇಲೆ ಕತ್ತಿ ಇರುವಾಗ ಯಾರೂ ತಲೆ ಅಲ್ಲಾಡಿಸಿ ಒಲ್ಲೆ ಎನ್ನುವುದಿಲ್ಲ.

ನಮ್ಮ ಗಲ್ಲಿಯ ಸಂಘದ ನಿಯಮ ನಿನಗೆ ಗೊತ್ತೇ ಇದೆ: ಹೊಸ ಅಂಗಡಿ ಇಡುವವರು ಅದೇ ಕಸುಬಿನ ಹಳೆಯ ಅಂಗಡಿಯವರ ಒಪ್ಪಿಗೆ ತರಬೇಕು. ಹಾಸಿಗೆಗೆ ಇದ್ದವನು ಒಬ್ಬನೇ, ನಮ್ಮ ಗಾದಿ ಸಾಹುಕಾರ. ಅಮ್ಮ ಹೋಗಿ ಕೇಳಿದರೆ, “ಕೊಡೋಣಮ್ಮ, ಕೊಡೋಣ, ಅವಸರ ಏನು?” ಎಂದು ದಿಂಬಿಗೆ ಒರಗಿಕೊಂಡೇ ನಗುತ್ತಿದ್ದ. ಸಭೆಯಲ್ಲಿ ನಾನು ಎದ್ದು ನಿಂತೆ. “ಬೆಕ್ಕಿನ ಕೈಯಲ್ಲಿ ಚೀಟಿ ಬರೆಸ್ಕೊಂಡು ಬಂದ್ರೆ ಮಾತ್ರ ಇಲಿ ಹೊರಗೆ ಬರಬಹುದು, ಇದೇನ್ರಪ್ಪ ನಿಮ್ಮ ನ್ಯಾಯ?” ಎಂದೆ. ಸಾಹುಕಾರನ ಹಾಸಿಗೆಯ ಮೇಲೆ ಮಲಗಿ ಸೊಂಟ ಹಿಡಿದುಕೊಂಡವರೆಲ್ಲ ಚಪ್ಪಾಳೆ ತಟ್ಟಿದರು. ನಿಯಮ ಬಿದ್ದುಹೋಯಿತು. ನಿನ್ನ ಪ್ರೊಫೆಸರರು ಅಲ್ಲಿದ್ದಿದ್ದರೆ ನನ್ನ ಕಾಲಿಗೆ ಬೀಳುತ್ತಿದ್ದರು, ಅದು ಬೇರೆ ಮಾತು.

ಅಮ್ಮ ಅರಳೆ ಹಿಂಜುವ ಯಂತ್ರ ತಂದು ಕೂರಿಸಿದಳು. ಅವಳ ಹಾಸಿಗೆ ನೋಡಬೇಕು ನೀನು, ಕೂತರೆ ಏಳಲು ಮನಸ್ಸು ಬರುವುದಿಲ್ಲ. ತಮಾಷೆ ಎಂದರೆ, ಅಷ್ಟು ದಿನ ಗಿರಾಕಿಯ ಮುಖ ನೋಡದ ಸಾಹುಕಾರ ಈಗ ಹಾಸಿಗೆಯನ್ನು ತಾನೇ ಹೊತ್ತು ಮನೆ ಮುಟ್ಟಿಸುತ್ತಾನೆ, ಹಳೆಯ ಅರಳೆ ತುಂಬುವುದನ್ನೂ ಬಿಟ್ಟಿದ್ದಾನೆ. ಯಾರೂ ಅವನಿಗೆ ಬುದ್ಧಿ ಹೇಳಲಿಲ್ಲ, ದಂಡ ಹಾಕಲಿಲ್ಲ. ಎದುರಿಗೊಂದು ಅಂಗಡಿ ಬಾಗಿಲು ತೆರೆಯಿತು, ಅಷ್ಟೇ. ಹಾಗೆಯೇ ಇನ್ನೊಂದು ಬಾಗಿಲೂ ತೆರೆಯಿತು, ನನ್ನ ಅಂಗಡಿಯ ಎದುರಿಗೆ. ಒಬ್ಬ ಎಳೆಯ ಕ್ಷೌರಿಕ, ಮೂರು ಗೋಡೆಗೂ ಕನ್ನಡಿ, ತಿರುಗುವ ಕುರ್ಚಿ. ಕ್ಷೌರದ ಮಟ್ಟಿಗೆ ಮಾತ್ರ ಹಳೆಯ ನಿಯಮ ಇಟ್ಟುಕೊಳ್ಳಬಹುದೇ ಎಂದು ನಾನು ಸಂಘದ ಅಧ್ಯಕ್ಷರನ್ನು ಸುಮ್ಮನೆ, ಜ್ಞಾನಕ್ಕಾಗಿ, ವಿಚಾರಿಸಿದೆ. ಅವರು ನಕ್ಕ ನಗು ಇನ್ನೂ ನಿಂತಿಲ್ಲ.

ಆಮೇಲೆ ಶುರುವಾಯಿತು ನೋಡು ಅರಳೆಯ ಪುರಾಣ. ಯಂತ್ರ ತಿರುಗಿದರೆ ಗಲ್ಲಿಯ ತುಂಬ ಹತ್ತಿ. ಪಕ್ಕದ ಬೋರ್ಡು ಬರೆಯುವವನು ಹಲ್ಲಿನ ಡಾಕ್ಟರಿಗೆ ಒಂದು ದೊಡ್ಡ ಹಲ್ಲು ಬರೆದು ಒಣಗಲು ಇಟ್ಟಿದ್ದ; ಸಂಜೆಯ ಹೊತ್ತಿಗೆ ಹಲ್ಲಿಗೆ ಗಡ್ಡ ಬಂದಿತ್ತು. “ನಿಮ್ಮ ಸ್ವಾತಂತ್ರ್ಯ ನನ್ನ ಬಣ್ಣಕ್ಕೆ ಅಂಟ್ಕೊಂಡಿದೆ, ಬಂದು ಕಿತ್ಕೊಂಡು ಹೋಗಿ ಮಾವ!” ಎಂದು ಕೂಗಿದ. ಆದರೆ ನಮ್ಮ ಸಿದ್ಧಾಂತ ಸುಮ್ಮನೆ ಅಲ್ಲ. ಸಂಘದ ಮುಖ ನೋಡದೆ ಅವನೂ ಅಮ್ಮನೂ ಚಹಾ ಕುಡಿಯುತ್ತಾ ಮಾತಾಡಿಕೊಂಡರು: ಬೆಳಗ್ಗೆ ಇವಳು ಹಿಂಜುವುದು, ಮಧ್ಯಾಹ್ನದ ಮೇಲೆ ಅವನು ಬಣ್ಣ ಹಚ್ಚುವುದು. ಅವನ ಕೂರುವ ಮಣೆಗೆ ಅಮ್ಮ ಒಂದು ಮೆತ್ತೆಯನ್ನೂ ಹೊಲಿದುಕೊಟ್ಟಳು. ಇಬ್ಬರು ಒಪ್ಪಿದರೆ ಮೂರನೆಯವನ ಕೋಲು ಯಾಕೆ ಬೇಕು ಎಂದು ನಾನು ವಾರವೆಲ್ಲ ಬೀಗಿದೆ.

ನಾನು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಅಮ್ಮನ ಅಂಗಡಿಯ ಇನ್ನೊಂದು ಪಕ್ಕದಲ್ಲಿರುವ ಬುಕ್‌ಬೈಂಡರ್ ತಾತನನ್ನು. ಅವರು ಹೊರಗೆ ಬರಲಾರರು, ಹಾಗಾಗಿ ಭಾನುವಾರ ನಾನೇ ಹೋಗಿ ಗಡ್ಡ ಹೆರೆಯುತ್ತೇನೆ. ಹೋದರೆ, ಸದಾ ತೆರೆದಿರುವ ಕಿಟಕಿಗೆ ಚಿಲಕ. ಒಳಗೆ ಕತ್ತಲೆ, ಅಂಟಿನ ಬಟ್ಟಲು ಒಣಗಿ ಬಿರುಕು ಬಿಟ್ಟಿದೆ. ಸೋಪು ಹಚ್ಚುವಾಗ ಅವರ ಎದೆಯೊಳಗೆ ಸೀಟಿ ಊದಿದ ಹಾಗೆ ಸದ್ದು. ಹತ್ತಿಯ ಧೂಳಿಗೆ ಅವರ ಉಸಿರು ಕಟ್ಟುತ್ತಿತ್ತು, ಪುಟ್ಟಿ. “ಯಾಕೆ ತಾತ ಹೇಳ್ಲಿಲ್ಲ?” ಎಂದರೆ, “ನಿಮ್ಮಕ್ಕನ ಹೊಟ್ಟೆಪಾಡು ಕಣಪ್ಪ, ನಾನ್ಯಾಕೆ ಅಡ್ಡ ಬರ್ಲಿ? ಕಿಟಕಿ ಮುಚ್ಚಿದ್ರಾಯ್ತು” ಎಂದರು. ತೊಂದರೆಯಾದವರು ಬಂದು ಹೇಳುತ್ತಾರೆ, ಕೂತು ಮಾತಾಡಿಕೊಳ್ಳುತ್ತಾರೆ ಎಂದು ನಾನು ಗಲ್ಲಿಗೆಲ್ಲ ಸಾರಿದ್ದೆ. ಕೂಗುವ ಗಂಟಲಿದ್ದವನಿಗೆ ಮೆತ್ತೆ ಸಿಕ್ಕಿತು. ಉಸಿರೇ ಇಲ್ಲದವರು ಚಿಲಕ ಹಾಕಿಕೊಂಡರು, ಅದನ್ನು ನಾನು ಒಪ್ಪಿಗೆ ಎಂದುಕೊಂಡಿದ್ದೆ. ನಿನ್ನ ಪುಸ್ತಕದಲ್ಲಿ ಇಂಥವರ ಬಗ್ಗೆ ಏನು ಬರೆದಿದ್ದಾರೆ, ಹುಡುಕಿ ತಿಳಿಸು. ಅಂದು ಮಸೆದ ಕತ್ತಿಯನ್ನೇ ಮತ್ತೆ ಮಸೆದೆ. ಗಡ್ಡ ಮಾತ್ರ ನುಣ್ಣಗೇ ಹೆರೆದೆ, ಅದರಲ್ಲಿ ಅನುಮಾನ ಬೇಡ.

ಸುದ್ದಿ ಸಾಹುಕಾರನ ಕಿವಿಗೂ ಬಿತ್ತು. ತಾತನ ಮೇಲೆ ಅವನಿಗೆ ಒಮ್ಮೆಲೇ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಮತ್ತೆ ಸಭೆ. ಅಂಗಡಿ ಮುಚ್ಚಬೇಕು, ಹಳೆಯ ನಿಯಮ ವಾಪಸು ಬರಬೇಕು ಎಂದು ಹಟ ಹಿಡಿದ. ನಾನು ದೊಡ್ಡ ಭಾಷಣ ಸಿದ್ಧ ಮಾಡಿಕೊಂಡು ಹೋಗಿದ್ದೆ; ಅಮ್ಮ ನನ್ನ ಅಂಗಿ ಹಿಡಿದೆಳೆದು ಕೂರಿಸಿದಳು. ಮೈಮೇಲಿನ ಹತ್ತಿಯನ್ನೂ ಕೊಡವಿಕೊಳ್ಳದೆ ಎದ್ದು ನಿಂತು, “ಅಂಗಡಿ ಇಡೋಕೆ ಯಾರ ಅಪ್ಪಣೇನೂ ನಾನು ಕೇಳಲ್ಲ. ಆದ್ರೆ ಹತ್ತಿ ನನ್ನದು ಅಂದ್ಮೇಲೆ ಅದರ ಧೂಳೂ ನನ್ನದೇ. ಅದನ್ನ ತಾತನ ಎದೆಗೆ ಕಳಿಸೋ ಹಕ್ಕು ನಂಗಿಲ್ಲ” ಎಂದಳು. ಹಟ ಹಿಡಿದು ನಿಂತಿದ್ದ ಸಾಹುಕಾರನೂ ಕೂತ. ಇಷ್ಟು ಸಣ್ಣ ಮಾತು ನನಗೇ ಹೊಳೆಯಬೇಕಿತ್ತು. ಹೊಳೆಯುತ್ತಿತ್ತು, ಅವಳು ಅವಸರ ಮಾಡಿದಳು.

ಆಮೇಲೆ ಎಲ್ಲರೂ ಸೇರಿ ಒಂದೇ ಒಂದು ನಿಯಮ ಮಾಡಿದೆವು. ಯಾರು ಬೇಕಾದರೂ ಯಾವ ಅಂಗಡಿ ಬೇಕಾದರೂ ಇಡಬಹುದು; ಆದರೆ ಹೊಗೆಯೋ ಧೂಳೋ ನಾತವೋ, ಅವರವರದು ಅವರವರ ಬಾಗಿಲು ದಾಟಬಾರದು. ದೂರು ಬರುವ ತನಕ ಕಾಯುವ ಹಾಗಿಲ್ಲ, ದಾಟಿತೇ ಎಂದು ಮನೆಮನೆಗೆ ಹೋಗಿ ಕೇಳಿ ಬರಬೇಕು. ಕೇಳಿ ಬರುವ ಕೆಲಸ ಯಾರಿಗೆ ಹೇಳು? ಯಾರೂ ನನ್ನ ಮೇಲೆ ಅಧಿಕಾರ ಮಾಡಬಾರದು ಎಂದವನನ್ನೇ ಅಧಿಕಾರಿ ಮಾಡಿ ಕೂರಿಸಿದರು, ಎದುರಿನ ಎಳೆಯ ಕ್ಷೌರಿಕ ಎರಡು ಕೈ ಎತ್ತಿದ. ನಾನು ಗಲ್ಲಿ ಸುತ್ತಲು ಹೋದಾಗ ಗಿರಾಕಿಗಳೆಲ್ಲ ಅವನ ಕುರ್ಚಿಗೇ ಅಲ್ಲವೇ? ಅಮ್ಮ ಯಂತ್ರವನ್ನು ಹಿಂದಿನ ಕೋಣೆಗೆ ಸಾಗಿಸಿ, ಬಾಗಿಲಿಗೆ ಒದ್ದೆ ಗೋಣಿಪರದೆ ಕಟ್ಟಿದ್ದಾಳೆ. ಇಂದು ಬೆಳಗ್ಗೆ ತಾತ ಕಿಟಕಿಯ ಬಳಿ ಕೂತು ಪುಸ್ತಕ ಹೊಲಿಯುತ್ತಿದ್ದರು. ನನ್ನನ್ನು ಕಂಡು, “ಏನ್ ಅಧಿಕಾರಿಗಳೇ, ಗಡ್ಡಕ್ಕೂ ಅಪ್ಪಣೆ ಬೇಕೇನಪ್ಪ?” ಎಂದು ನಕ್ಕರು.

ಚೆನ್ನಾಗಿ ಉಣ್ಣು, ಹೊತ್ತಿಗೆ ಸರಿಯಾಗಿ ಮಲಗು. ಅತ್ತೆ ನಿನಗೆ ಮುತ್ತು ಕಳಿಸಿದ್ದಾಳೆ, ನನಗಂತೂ ಸಿಗುತ್ತಿಲ್ಲ, ನೀನಾದರೂ ಇಟ್ಟುಕೋ. ನಿನ್ನ ಬುದ್ಧಿ ನನ್ನಷ್ಟೇ ಬೆಳೆಯಲಿ.

ಇಂತು ನಿನ್ನ
ಮಾವ

ಮರೆತಿದ್ದೆ: ಲಕೋಟೆಗೆ ಅಂಟು ಹಚ್ಚುವ ಮೊದಲು ಇನ್ನೊಂದು ಮಾತು. ಅಂಗಡಿ ಉಳಿದರೂ ಬಂದು ಕೈಜೋಡಿಸುತ್ತೇನೆ ಎಂದು ಅತ್ತೆಗೆ ಗುಟ್ಟಾಗಿ ಬರೆದಿದ್ದೀಯಂತೆ, ಟಿಕೆಟ್ಟನ್ನೂ ನೋಡಿದ್ದೀಯಂತೆ. ಅಮ್ಮನ ಉತ್ತರವನ್ನು ಇದ್ದ ಹಾಗೇ ಬರೆಯುತ್ತೇನೆ: “ಬರೋ ಹಕ್ಕು ಅವಳಿಗಿದೆ, ಬಾಗಿಲು ತೆಗೀದೆ ಇರೋ ಹಕ್ಕು ನಂಗಿದೆ.” ನಿನ್ನ ಮಂಚದ ಮೇಲೆ ಈಗ ಅರಳೆಯ ಮೂಟೆಗಳಿವೆ, ಹಾಸಿಗೆ ಮಾಡುವವರ ಮನೆಯಲ್ಲಿ ನಿನಗೆ ಮಲಗಲು ಜಾಗವಿಲ್ಲ. ಯಾರೂ ಯಾರಿಗೂ ಅಪ್ಪಣೆ ಮಾಡಬಾರದು ಎಂಬ ಸಿದ್ಧಾಂತವನ್ನು ನಾನು ಇನ್ನೂ ಬಿಟ್ಟಿಲ್ಲ. ಆದರೂ ಓದು ಮುಗಿಸದೆ ಬರಕೂಡದು. ಇದು ಅಪ್ಪಣೆ.