ನಿನ್ನ ಹೆಸರಿನಲ್ಲಿ ಆಡಿದ ಆಟ

ದೊಡ್ಡಬಳ್ಳಾಪುರ
ಭಾನುವಾರ, 16-11-2025

ನನ್ನ ಗಾನು,

ಮೊನ್ನೆ ಫೋನಿನಲ್ಲಿ ನೀನು ಅತ್ತುಬಿಟ್ಟೆ. ಪರೀಕ್ಷೆ ಮುಗಿದು, ನೀನು ಸೇರಿದಾಗಲೇ ತೆಗೆದಿಟ್ಟುಕೊಂಡಿದ್ದ ಫೋನನ್ನು ಹಾಸ್ಟೆಲಿನವರು ವಾಪಸ್ ಕೊಟ್ಟ ಕೂಡಲೇ ನಿನ್ನ ಗೆಳತಿ ಚಂದನಾಗೆ ಮಾಡಿದೆಯಂತೆ. ಅವಳು ‘ಮಿತ್ರದ್ರೋಹಿ’ ಅಂದು ಫೋನ್ ಇಟ್ಟುಬಿಟ್ಟಳಂತೆ. ‘ನಾನೇನ್ ಮಾಡ್ದೆ ಅಂತಾನೇ ಗೊತ್ತಿಲ್ಲ ಕಣಮ್ಮ’ ಅಂದೆ. ನಾನು ‘ಊಟ ಆಯ್ತಾ?’ ಅಂತ ಕೇಳಿದೆ. ಎಲ್ಲಾ ಗೊತ್ತಿದ್ದೂ ಹಾಗೆ ಕೇಳಿದೆ. ನೀನೇನೂ ಮಾಡಿಲ್ಲ ಮಗಳೇ, ಮಾಡಿದವಳು ನಾನು. ಬಾಯಿಬಿಟ್ಟು ಹೇಳಲು ನಾಲಿಗೆ ಏಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ತುಮಕೂರಿಗೆ ನರ್ಸಿಂಗ್ ಓದಲು ಹೋಗುವಾಗ ಕೈಯಲ್ಲಿ ಹಿಡಿದು ಆಡುವ ನಿನ್ನ ಗೇಮ್ ಕನ್ಸೋಲನ್ನು ಬೀರುವಿನಲ್ಲಿಟ್ಟು ಹೋಗಿದ್ದೆಯಲ್ಲ. ಆಷಾಢದಲ್ಲಿ ಒಂದು ಮಧ್ಯಾಹ್ನ ಕರೆಂಟ್ ಹೋಗಿ ಎರಡೂ ಮಗ್ಗ ನಿಂತವು. ನಿಮ್ಮಪ್ಪ ನೂಲು ತರಲು ಹೋಗಿದ್ದರು. ಮಗ್ಗದ ಸದ್ದು ನಿಂತರೆ ನಮ್ಮ ಮನೆಯಲ್ಲಿ ಕೂರಲಾಗುವುದಿಲ್ಲ. ಸುಮ್ಮನೆ ತೆಗೆದು ಆನ್ ಮಾಡಿದೆ. ಉದ್ದ ಜಡೆಯವಳೊಬ್ಬಳು ಮುಷ್ಟಿ ಬಿಗಿದು ನಿಂತಿದ್ದಳು. ನಾನು ಗುಂಡಿ ಒತ್ತಿದರೆ ಅವಳು ಎದುರಿನವನನ್ನು ಒದೆಯುತ್ತಿದ್ದಳು! ಯಾರ ಮೇಲೂ ಕೈಯೆತ್ತಿದವಳಲ್ಲ ನಾನು. ಒಬ್ಬಳೇ ಕೂತು ನಕ್ಕೆ.

ಆಮೇಲೆ ಚಟವೇ ಹಿಡಿಯಿತು. ಅವಳನ್ನು ಅತ್ತಿತ್ತ ನಡೆಸುವ ಎಡಗಡೆಯ ಸ್ಟಿಕ್ ಸವೆದುಹೋಗಿ, ನಾನು ಮುಟ್ಟದಿದ್ದರೂ ಜಡೆಯವಳು ತನ್ನಷ್ಟಕ್ಕೆ ಹಿಂದೆ ಹಿಂದೆ ಸರಿಯುತ್ತಿದ್ದಳು. ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಮಾಡುವ ಮುನಿರಾಜನಿಗೆ ‘ಮಗಳದು’ ಅಂತ ಸುಳ್ಳು ಹೇಳಿ ಕೊಟ್ಟೆ. ಒಳಗೆ ಆಯಸ್ಕಾಂತ ಇರುವ, ಸವೆಯದ ಹೊಸ ಸ್ಟಿಕ್ ಹಾಕಿದ. ಬ್ಯಾಟರಿಯನ್ನೂ ಬದಲಾಯಿಸಿದ. ಸುಳ್ಳೂ ಅಲ್ಲ ಬಿಡು, ಅದು ನಿನ್ನದೇ. ಆದರೆ ರಿಪೇರಿ ಮಾಡಿಸಿದ್ದು ನನಗೋಸ್ಕರ.

ಒಂದು ದಿನ ಚಂದನಾ ತನ್ನ ಕನ್ಸೋಲಿನಿಂದ ಆನ್‌ಲೈನ್ ಆಟಕ್ಕೆ ಕರೆದಳು. ಅವಳಿಗೆ ಕಾಣುತ್ತಿದ್ದದ್ದು ನಿನ್ನ ಹೆಸರು. ‘ಲೇ ಗಾನು, ಹಾಸ್ಟೆಲ್‌ಗೆ ಕದ್ದು ತಗೊಂಡೋಗಿದ್ದೀಯೇನೇ?’ ಅಂತ ಅವಳ ದನಿ ಕೇಳಿಸಿತು. ಆಗಲೇ ‘ನಾನಮ್ಮ, ಅರುಣಾ ಆಂಟಿ’ ಅನ್ನಬೇಕಿತ್ತು. ಈ ವಯಸ್ಸಿನ ಹೆಂಗಸು ಹೊಡೆದಾಟದ ಆಟ ಆಡುತ್ತಾಳೆ ಅಂತ ಊರಿಗೆ ಗೊತ್ತಾದರೆ ಅಂತ ನಾಚಿಕೆಯಾಗಿ, ಮೈಕ್ ಕೆಟ್ಟಿದೆ ಎಂದು ಟೈಪ್ ಮಾಡಿದೆ. ಅಲ್ಲಿಂದ ಅವಳು ಮಾತಾಡುವುದು, ನಾನು ನೀನಾಗಿ ಟೈಪ್ ಮಾಡುವುದು. ‘ಕಾಲಿಗೆ ಹೊಡೆದ್ರೆ ಕೂತ್ಕೊಂಡು ತಡೀಬೇಕು ಕಣೇ, ಹೆಂಗೇ ಮರ್ತೆ?’ ಅಂತ ಬೈಯುತ್ತಾ ಕಲಿಸಿದಳು. ಅವಳು ಬೈದರೆ ನನಗೆ ಖುಷಿಯಾಗುತ್ತಿತ್ತು.

ದಸರಾ ಕಳೆದ ಮೇಲೆ ಅವಳೊಂದು ಗುಟ್ಟು ಹೇಳಿದಳು. ಹೈದರಾಬಾದಿನಲ್ಲಿ ಹುಡುಗಿಯರಿಗೆಂದೇ ನಡೆಯುವ ಇದೇ ಆಟದ ಪಂದ್ಯಕ್ಕೆ ಆಯ್ಕೆಯಾಗಿದ್ದಳು. ಮನೆಯಲ್ಲಿ ಕಾಲೇಜಿನ ಟೂರ್ ಅಂತ ಹೇಳಿ ಹೊರಟು, ಬಸ್ಸಿಗೆ ಕಾಯುತ್ತಾ ಆಟದಲ್ಲಿ ಮಾತಾಡುತ್ತಿದ್ದಳು. ಮಕ್ಕಳಿಗೆ ಪಾಠ ಹೇಳಿ ಸಂಪಾದಿಸಿದ್ದರಲ್ಲಿ ತನ್ನ ಕನ್ಸೋಲಿಗೆ ಹೊಸ ಪರದೆ, ಹೊಸ ಗುಂಡಿ ಹಾಕಿಸಿದ್ದಳಂತೆ. ‘ನಿಂಗೊಬ್ಬಳಿಗೇ ಹೇಳಿರೋದು’ ಅಂದಳು.

ನಾನು ಬೂದಿಗೆರೆಗೆ ಫೋನ್ ಮಾಡಿ ಅವಳ ತಾಯಿ ಸಪ್ಪಲಮ್ಮನಿಗೆ ಎಲ್ಲಾ ಹೇಳಿಬಿಟ್ಟೆ. ವಯಸ್ಸಿಗೆ ಬಂದ ಹುಡುಗಿ, ಅಷ್ಟು ದೂರ ಒಬ್ಬಳೇ ಹೋಗುತ್ತಾಳಲ್ಲ, ಹೆಚ್ಚುಕಮ್ಮಿಯಾದರೆ ಅಂತ ಭಯವಾಯಿತು. ‘ನಿಮ್ಗೆ ಹೆಂಗೆ ಗೊತ್ತಾಯ್ತಕ್ಕ?’ ಅಂತ ಸಪ್ಪಲಮ್ಮ ಕೇಳಿದಾಗ ನನ್ನ ಬಾಯಿಂದ ಬಂದದ್ದು, ‘ನಮ್ಮ ಗಾನವಿ ಹೇಳಿದ್ಲು.’

ಅವಳ ಅಣ್ಣ ಮುರಳಿ ದೇವನಹಳ್ಳಿಯಲ್ಲಿ ಹೈದರಾಬಾದಿನ ಬಸ್ ಹತ್ತಿ, ಎಲ್ಲರೆದುರು ಅವಳನ್ನು ಇಳಿಸಿಕೊಂಡು ಬಂದ. ಮನೆಗೆ ಬಂದು ಕನ್ಸೋಲನ್ನು ಗೋಡೆಗೆ ಬೀಸಿದ. ಮಾರನೆಯ ದಿನ ಸಪ್ಪಲಮ್ಮ ಫೋನ್ ಮಾಡಿ, ‘ನಿಮ್ಮ ಗಾನವಿ ನಮ್ಮ ಮಾನ ಉಳಿಸಿದ್ಲಕ್ಕ’ ಅಂದರು. ನಾನು ಆ ಮಾತನ್ನೂ ನುಂಗಿಕೊಂಡು ಸುಮ್ಮನಿದ್ದೆ. ನೀನು ಅಳುವವರೆಗೂ ಸುಮ್ಮನಿದ್ದೆ.

ನಿನ್ನೆ ನಿನ್ನ ಕನ್ಸೋಲನ್ನು ಚೀಲದಲ್ಲಿಟ್ಟುಕೊಂಡು ಬೂದಿಗೆರೆಗೆ ಹೋದೆ. ಚಂದನಾ ಪೇಪರ್ ಹಾಸಿಕೊಂಡು ಒಡೆದ ಚೂರುಗಳಲ್ಲಿ ಉಳಿಯುವುದೇನಾದರೂ ಇದೆಯಾ ಅಂತ ಬಿಡಿಸಿ ನೋಡುತ್ತಿದ್ದಳು. ಸಪ್ಪಲಮ್ಮ, ಮುರಳಿ ಇಬ್ಬರೂ ಇದ್ದರು. ನಿಂತುಕೊಂಡೇ ಹೇಳಿದೆ. ‘ಗಾನವಿಗೆ ಏನೂ ಗೊತ್ತಿಲ್ಲ. ನಿನ್ನ ಜೊತೆ ಇಷ್ಟು ದಿನ ಆಡ್ತಾ ಇದ್ದೋಳು ನಾನು ಕಣಮ್ಮ.’ ಮುರಳಿ ಕಿಸಕ್ಕನೆ ನಕ್ಕ. ಸಪ್ಪಲಮ್ಮ ಸೆರಗು ಬಾಯಿಗೆ ಇಟ್ಟುಕೊಂಡರು. ಚಂದನಾ ನಗಲಿಲ್ಲ. ನನ್ನ ಕೈಗಳನ್ನೇ ನೋಡಿದಳು.

‘ನೀವು ಅಂತ ಗೊತ್ತಿದ್ರೂ ಆಡ್ತಿದ್ದೆ ಆಂಟಿ,’ ಅಂದಳು. ‘ಹೇಳ್ಬೋದಿತ್ತಲ್ಲ.’

ನಿನ್ನ ಕನ್ಸೋಲನ್ನು ಅವಳ ಮುಂದಿಟ್ಟೆ, ಇಟ್ಟುಕೋ ಅಂದೆ. ಅವಳು ನನ್ನ ಕಡೆಗೇ ತಳ್ಳಿದಳು. ‘ಇದು ಗಾನುದು. ಕೊಡೋಕೆ ನೀವ್ಯಾರು? ಮೊದ್ಲು ಅವಳಿಗೆ ಹೇಳಿ.’

ಸರಿಯಾದ ಮಾತು. ಬಸ್ಸಿನಲ್ಲಿ ಬರುವಾಗ ಯಾರ ಮುಖ ನೋಡಲೂ ಆಗಲಿಲ್ಲ. ಮನೆಗೆ ಬಂದು ನಿಮ್ಮಪ್ಪನಿಗೂ ಹೇಳಿದೆ. ಅವರು ಮಗ್ಗ ನಿಲ್ಲಿಸಿ, ‘ಅದನ್ನ ಮಗೂಗೆ ಹೇಳು, ನಂಗಲ್ಲ’ ಅಂದು ಮತ್ತೆ ಮಗ್ಗ ಹಾಕಿದರು. ಇನ್ನು ನಿನ್ನ ಹೆಸರಿನಲ್ಲಿ ಅದನ್ನು ಮುಟ್ಟುವುದಿಲ್ಲ. ಚಂದನಾಗೆ ಕೊಡುವುದೋ ಬಿಡುವುದೋ ನಿನಗೆ ಸೇರಿದ್ದು. ಅವಳಿಗೆ ಒಂದು ಸಲ ಫೋನ್ ಮಾಡು. ಈ ಸಲ ಎತ್ತುತ್ತಾಳೆ. ನನಗೆ ಮಾಡಬೇಕು ಅನ್ನಿಸದಿದ್ದರೆ ಮಾಡಬೇಡ, ನಾನು ಕಾಯುತ್ತೇನೆ.

ತಲೆ ತಗ್ಗಿಸಿದ,
ನಿನ್ನ ಅಮ್ಮ
ಅರುಣಾ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಭಯದಿಂದ ಫೋನ್ ಮಾಡಿದೆ ಅಂತ ಮೇಲೆ ಬರೆದೆ. ಪೂರ್ತಿ ನಿಜವಲ್ಲ. ಗುಟ್ಟು ಹೇಳಿದ ದಿನವೇ ಚಂದನಾ ಇನ್ನೊಂದು ಮಾತೂ ಹೇಳಿದ್ದಳು: ‘ನೀನೇ ಹೇಳ್ತಿದ್ದೆಯಲ್ಲ ಗಾನು, ನಿಮ್ಮಮ್ಮನ ತರ ಹೆದರ್ಕೊಂಡು ಬದುಕೋದಕ್ಕಿಂತ ಬೈಸ್ಕೊಂಡು ಬದುಕೋದೇ ವಾಸಿ ಅಂತ. ಅದಕ್ಕೇ ಹೊರಟೆ.’ ಅದನ್ನು ಕೇಳಿಸಿಕೊಂಡು ಐದು ನಿಮಿಷವೂ ಆಗಿರಲಿಲ್ಲ, ಸಪ್ಪಲಮ್ಮನಿಗೆ ಫೋನ್ ಮಾಡಿದ್ದೆ. ಸಿಟ್ಟು ನಿನ್ನ ಮೇಲಿತ್ತು, ಏಟು ಬಿದ್ದದ್ದು ಅವಳಿಗೆ.