ತಡವರಿಸಿದವರನ್ನು ಕಾಯುವ ಊರು

ತೇಲೂರು,
ನಾಲ್ಕನೆಯ ಮರುಗಣನೆಯ ಎಂಬತ್ತೆರಡನೆಯ ಮಳೆಗಾಲ,
ಹದಿಮೂರನೆಯ ತಿಂಗಳ ಮೂವತ್ತಮೂರನೆಯ ದಿನ.

ಬಹುಹಿಂದಿನ ಬಂಧುಗಳೇ,

ಮೇಲೆ ಬರೆದಿರುವ ದಿನವನ್ನು ನಿಮ್ಮ ಪಂಚಾಂಗದಲ್ಲಿ ಹುಡುಕಬೇಡಿ, ಅಲ್ಲಿ ಅದಿಲ್ಲ. ಕಡಲು ತೀರವನ್ನು ನುಂಗಿದ ಮೇಲೆ ನಾವು ವರ್ಷಗಳನ್ನು ಹೊಸದಾಗಿ ಎಣಿಸತೊಡಗಿದೆವು. ಆ ಎಣಿಕೆಯೂ ಮೂರು ಬಾರಿ ತಪ್ಪಿ, ಈಗ ನಾಲ್ಕನೆಯದು ನಡೆದಿದೆ. ನನ್ನ ಕೆಲವು ಪದಗಳು ನಿಮ್ಮ ಕಿವಿಗೆ ಒರಟೆನಿಸಬಹುದು, ಕ್ಷಮೆಯಿರಲಿ. ಪದಗಳು ಹೊಸವೇ ಹೊರತು ಕನ್ನಡ ಹೊಸದಲ್ಲ. ನೀವು ಕೊಟ್ಟ ನುಡಿಗೆ ಉಪ್ಪುನೀರಿನ ನಡುವೆಯೂ ತುಕ್ಕು ಹಿಡಿಯಗೊಟ್ಟಿಲ್ಲ ಎಂಬುದನ್ನು ಮೊದಲಿಗೇ ಹೆಮ್ಮೆಯಿಂದ ಅರಿಕೆ ಮಾಡಿಕೊಳ್ಳುತ್ತೇನೆ.

ತೇಲೂರೆಂದರೆ ಹಿಂದೆ ಕಾರವಾರವಿದ್ದ ಎಡೆಯಲ್ಲಿ ನೀರಿನ ಮೇಲೆ ತೇಲುವ ಊರು. ಮನೆಗಳನ್ನೂ ತೋಟಗಳನ್ನೂ ಹೊತ್ತ ಅಗಲವಾದ ಹಲಗೆನೆಲಗಳಿಗೆ ನಾವು ಹಾಸುಗಳೆನ್ನುತ್ತೇವೆ. ಮುಂಜಾನೆ ಇಬ್ಬನಿಬಲೆಗಳನ್ನು ಹಿಂಡಿ ಕುಡಿಯುವ ನೀರು ಪಡೆಯುತ್ತೇವೆ. ಹಾಸಿನ ಅಂಚಿನ ಕಟಕಟೆಗಳ ಮೇಲೆ ಬಸಳೆ ಹಬ್ಬುತ್ತದೆ. ಕಡಲಪಾಚಿಯನ್ನು ಅರೆದು ಹುಯ್ದ ದೋಸೆ ಬೆಳಗಿನ ಊಟ. ಇಡೀ ಊರನ್ನು ಕಡಲಡಿಯ ಬಂಡೆಗಳಿಗೆ ಬಿಗಿದಿರುವುದು ಮಿಣಿಗಳು, ಎಂದರೆ ಆಳುದ್ದ ಸುತ್ತಳತೆಯ ಹಗ್ಗಗಳು. ಬಿರುಗಾಳಿ ಎದ್ದಾಗ ಯಾವ ಮಿಣಿಯನ್ನು ಮೊದಲು ಸಡಿಲಿಸಬೇಕು, ಯಾವುದನ್ನು ಯಾವಾಗ ಬಿಗಿಯಬೇಕು ಎಂದು ಬಲ್ಲವರು ಮಿಣಿಗಾರರು. ಅವರು ತಪ್ಪಿದರೆ ಹಾಸು ಹರಿಯುತ್ತದೆ. ಆ ವಿದ್ಯೆ ಬರಹದಲ್ಲಿಲ್ಲ. ಬಾಯಿಯಿಂದ ಬಾಯಿಗೆ ಬಂದಿದೆ.

ನಿಮ್ಮ ಕಾಲದ ಬಳಿಕ ಬಂದ ಯುಗವನ್ನು ನಮ್ಮ ಹಿರಿಯರು ಒಂಟಿಗಾಲವೆಂದು ಕರೆದರು. ಆಗ ಒಂದೊಂದು ಮಗುವೂ ಒಂದೊಂದು ಬೆಳಕಿನ ಹಲಗೆಯ ಮುಂದೆ ಕುಳಿತು ತನ್ನ ಪಾಡಿಗೆ ತಾನು ಕಲಿಯುತ್ತಿತ್ತಂತೆ. ಹಾಗೆ ಕಲಿತವರು ಮಿಣಿಗಾರರಾದಾಗ, ತಂತಮ್ಮ ಲೆಕ್ಕವೇ ಸರಿಯೆಂದು ಹಟ ಹಿಡಿದು ಒಬ್ಬೊಬ್ಬರೂ ಒಂದೊಂದು ಮಿಣಿಯನ್ನು ಬಿಟ್ಟರು. ತೆಂಕಣ ಹಾಸು ಹರಿದುಹೋಯಿತು. ಅದರ ಮೇಲಿದ್ದವರು ಮರಳಲಿಲ್ಲ. ಅಂದಿನಿಂದ ಕಲಿಕೆಯೆಲ್ಲ ಕೂಡುಮನೆಯಲ್ಲೇ ನಡೆಯಬೇಕೆಂಬ ಕಟ್ಟಳೆಯಾಯಿತು. ಕಲಿಯುವವರು ಸುತ್ತಾಗಿ ಕುಳಿತು ಪಾಠ ಒಪ್ಪಿಸುವರು. ಒಬ್ಬರು ತಡವರಿಸಿದೊಡನೆ ಪಕ್ಕದವರು ಆ ಮಾತನ್ನು ಎತ್ತಿಕೊಂಡು ಮುಂದುವರಿಸಬೇಕು. ಇದಕ್ಕೆ ಮಾತೆತ್ತುಗೆ ಎಂದು ಹೆಸರು. ಜಾರಿದವರ ಕೈ ಹಿಡಿಯದವನು ಎಂಥ ನೆರೆಯವನು ಎಂಬುದು ಅದರ ಹಿಂದಿನ ಭಾವ. ಹೊರಗೆ ನಿಂತು ಕೇಳಿದರೆ ಇಡೀ ಪಾಠ ಒಂದೇ ಕೊರಳಿನಿಂದ ಹರಿದಂತೆ ಇಂಪಾಗಿರುತ್ತಿತ್ತು. ಒರೆಯ ದಿನ, ಎಂದರೆ ಪರೀಕ್ಷೆಯ ದಿನವೂ ಇದೇ ಪದ್ಧತಿ. ಆದ್ದರಿಂದ ನಮ್ಮಲ್ಲಿ ಯಾರೂ ಎಂದೂ ಸೋತಿರಲಿಲ್ಲ.

ನನ್ನ ಮೊಮ್ಮಗಳ ಹೆಸರು ಅಘನಾಶಿನಿ. ಮುಳುಗಿದ ನದಿಗಳ ಹೆಸರನ್ನು ಹೆಣ್ಣುಮಕ್ಕಳಿಗೆ ಇಡುವುದು ನಮ್ಮ ವಾಡಿಕೆ. ಮನೆಯವರು ಅದನ್ನು ಮೊಟಕು ಮಾಡಿ ಕೂಗುತ್ತಾರೆ. ನಾನು ಒಂದಕ್ಷರವನ್ನೂ ಬಿಡುವುದಿಲ್ಲ. ಅವಳಿಗೆ ಮಿಣಿಗಾತಿಯಾಗುವುದೊಂದೇ ಆಸೆ. ಆದರೆ ನೆನಪು ನಿಧಾನ. ಆಳದ ಬಾವಿಯಿಂದ ಸೇದಿದಂತೆ ಮಾತು ತಡವಾಗಿ ಮೇಲೆ ಬರುತ್ತದೆ. ಅದು ಬಾಯಿಗೆ ಬರುವಷ್ಟರಲ್ಲಿ ಪಕ್ಕದ ಹೊನ್ನಮ್ಮ ಎತ್ತಿಕೊಂಡಿರುತ್ತಿದ್ದಳು. ಒಂದು ದಿನ ಅಘನಾಶಿನಿ ದೋಸೆಯ ತಟ್ಟೆಯನ್ನು ದೂಡಿ ಹೇಳಿದಳು: “ಅಜ್ಜ, ನಂಗೆ ಎಷ್ಟು ಬತ್ತದೆ ಹೇಳೂದೇ ನಂಗೆ ಗುತ್ತಿಲ್ಲ. ಬಾಯಿ ತೆಗೂಕೇ ಬಿಡೂದಿಲ್ಲ ಅವ್ರು.”

ಒಂದು ಬೇಸಿಗೆ ಒಂಟಿಯಾಗಿ ಕಲಿಯುತ್ತೇನೆಂದು ಅವಳು ಕೇಳಿಕೊಂಡಾಗ ಊರು ಬೆಚ್ಚಿತು. ಒರೆ ಹಚ್ಚುವ ಹಿರಿಯ ಮಿಣಿಗಾರ ದೇವು ಹರಿಕಂತ್ರರು ನಕ್ಕರು. “ಏಡಿ ಹಂಗೆ ಬಿಲ ಹೊಕ್ಕಂತ್ಯನೇ ತಂಗಿ? ನಮ್ಮ ಬಾಯಿ ಅಷ್ಟು ವಾಸ್ನೆ ಬತ್ತದಾ?” ಬಳಿಕ ನಗೆ ನಿಲ್ಲಿಸಿ ಹೇಳಿದರು: “ಹೋಗು. ಆದ್ರೆ ಒರೆ ದಿನ ನಿಂಗೆ ಮಾತೆತ್ತೂಕೆ ಯಾರೂ ಇಲ್ಲ. ಸೋತ್ರೆ ಜನ್ಮದಲ್ಲಿ ಮಿಣಿ ಮುಟ್ಟೂಕಿಲ್ಲ, ತಿಳೀತಾ?”

ಅವಳು ಊರ ನಡುವೆ, ಹಿಂದೆ ಉಪ್ಪು ಕೂಡಿಡುತ್ತಿದ್ದ ಹಳೆಯ ಉಪ್ಪುಗೂಡನ್ನು ಸೇರಿದಳು. ಬೆರಳಿಗೊಂದರಂತೆ ನೂಲು ಕಟ್ಟಿ, ಒಂದೊಂದಕ್ಕೂ ಒಂದು ಮಿಣಿಯ ಹೆಸರಿಟ್ಟು, ಕೂಡುಮನೆಯಲ್ಲಿ ಕೇಳಿದ್ದನ್ನೆಲ್ಲ ಗೋಡೆಗೆ ಒಪ್ಪಿಸಿದಳು. ಕೇಳಿ ನಂಬಿದ್ದನ್ನು ಬಿಚ್ಚಿ, ಏಕೆ ಹೀಗೆ ಎಂದು ತನ್ನನ್ನು ತಾನೇ ಕೇಳಿ ಮತ್ತೆ ಕಟ್ಟಿದಳು. ಗಂಜಿ ಒಯ್ಯುವಾಗ ಹೊರಗೇ ನಿಂತು ಆಲಿಸುತ್ತಿದ್ದೆ: ಅವಳು ತನ್ನೊಡನೆ ತಾನೇ ಜಗಳವಾಡುತ್ತಿದ್ದಳು, ಕೆಲವೊಮ್ಮೆ ಸೋಲುತ್ತಿದ್ದಳು ಕೂಡ.

ಒರೆಯ ದಿನ ಕೂಡುಮನೆಯಲ್ಲಿ ಊರೆಲ್ಲ ನೆರೆದಿತ್ತು. ಅವಳು ನಿಧಾನವಾಗಿ, ಆದರೆ ಒಮ್ಮೆಯೂ ಮುಗ್ಗರಿಸದೆ, ಮಿಣಿಗಳ ಸರದಿಯನ್ನೂ ಅದರ ಕಾರಣವನ್ನೂ ಹೇಳುತ್ತ ಹೋದಳು. ಕಾರಣವನ್ನು ಅದುವರೆಗೆ ಯಾರೂ ಹೇಳಿದ್ದಿಲ್ಲ. ಆಗ ದೇವು ಹರಿಕಂತ್ರರು ಕೇಳಿದರು: “ಪಡುವಣ ಮಿಣಿ ಬಿಟ್ಟಾಯ್ತು. ಹಿಂದಲೆ ಬತ್ತದೆ. ಈಗ ಎಂತ ಮಾಡ್ತೆ?” ಹಿಂದಲೆಯೆಂದರೆ ಬೆಟ್ಟಕ್ಕೆ ಬಡಿದು ಮೂಡಣದಿಂದ ಮರಳುವ ಅಲೆ. ಪಾಠದ ಆ ಭಾಗ ಬಂದಾಗಲೆಲ್ಲ ಹೊನ್ನಮ್ಮ ಎತ್ತಿಕೊಂಡು ಸರಸರನೆ ಮುಗಿಸಿಬಿಡುತ್ತಿದ್ದಳು. ಊರ ನಡುವಿನ ಉಪ್ಪುಗೂಡಿಗೆ ಹಿಂದಲೆಯ ಪೆಟ್ಟು ತಾಗುವುದೂ ಇಲ್ಲ. ಅಘನಾಶಿನಿ ಸುಮ್ಮನಾದಳು. ಅಭ್ಯಾಸಬಲದಿಂದ ಹೊನ್ನಮ್ಮ ಬಾಯಿ ತೆರೆದಳು. ಇವಳು ಅಂಗೈ ಎತ್ತಿ ತಡೆದಳು. ಬಳಿಕ ಆ ಮನೆಯ ಗೋಡೆಗಳು ಎಂದೂ ಕೇಳದ ಮಾತನ್ನು ಆಡಿದಳು: “ನಂಗೆ ಗುತ್ತಿಲ್ಲ.”

ಸೋತಳೆಂದು ಎಲ್ಲರೂ ಎದ್ದರು. ಅವಳು ಏಳಲಿಲ್ಲ. “ನಂಗೆ ಗುತ್ತಿಲ್ಲ ಹೇಳಾದ್ರೂ ಗುತ್ತಾಯ್ತು, ದೇವಜ್ಜ. ಇವ್ರಿಗೆ? ಒಬ್ಬೊಬ್ಬರನ್ನೇ ಕೇಳಿ, ಯಾರೂ ಮಾತೆತ್ತೂಕಿಲ್ಲ.”

ಅವರು ಕೇಳಿದರು. ಮೊದಲನೆಯವನು ಪಕ್ಕದವನನ್ನು ನೋಡಿದ. ಪಕ್ಕದವನು ಸೂರನ್ನು ನೋಡಿದ. ಸುತ್ತು ತಿರುಗಿ ಮುಗಿದಾಗ ಉತ್ತರ ಗೊತ್ತಿದ್ದುದು ಹೊನ್ನಮ್ಮನೊಬ್ಬಳಿಗೇ. ಅವಳ ಮನೆಯಿರುವುದು ಮೂಡಣದ ಕಟ್ಟಕಡೆಯ ಹಾಸಿನಲ್ಲಿ. ದೇವು ಹರಿಕಂತ್ರರು ತಲೆಗೆ ಸುತ್ತಿದ ವಸ್ತ್ರವನ್ನು ಬಿಚ್ಚಿ ಮುಖ ಒರೆಸಿಕೊಂಡರು. “ನಾವು ಕಲ್ತದ್ದೇ ಅಲ್ಲ ಹಾಗಾದ್ರೆ. ಹೊನ್ನಿ ಬೆನ್ನ ಮೇಲೆ ಕೂತಿದ್ದು. ಅವ್ಳಿಗೆ ಜ್ವರ ಬಂದ ದಿನ ಗಾಳಿ ಎದ್ದಿದ್ರೆ?” ಅವರು ವಸ್ತ್ರವನ್ನು ಮತ್ತೆ ತಲೆಗೆ ಸುತ್ತಿಕೊಂಡರು. “ಈ ಸಲ ಎಲ್ರೂ ಸೋತ್ರು. ಎಲ್ರಿಗೂ ಇನ್ನೊಂದು ಮಳೆಗಾಲ ಕಲಿಕೆ, ನಿಂಗೂ ತಂಗಿ.”

ಆ ವಾರ ನೀರಿನ ಸಾಲಿನಲ್ಲಿ ತಾಯಂದಿರು ನನ್ನನ್ನು ಹಿಡಿದು ಝಾಡಿಸಿದರು. “ನಿಮ್ಮ ಮೊಮ್ಮಗ್ಳು ತಾನೊಬ್ಳೇ ಮುಳುಗೂದಲ್ದೆ ಎಲ್ಲರ್ನೂ ಎಳ್ಕಂಡು ಮುಳುಗ್ದಳಲ್ರೋ!” ತಲೆ ತಗ್ಗಿಸಿ ನಿಲ್ಲುವುದು ಮರ್ಯಾದೆಯಾಗಿತ್ತು. ನನ್ನಿಂದ ಆಗಲಿಲ್ಲ, ಮುಖ ತಾನಾಗಿ ಅರಳಿತ್ತು.

ಈಗ ನಮ್ಮಲ್ಲಿ ಮುಂಜಾನೆ ಒಂಟಿಗಲಿಕೆ, ಮಧ್ಯಾಹ್ನ ಕೂಡುಗಲಿಕೆ. ಕೂಡುಮನೆಗೆ ಬಂದವರು ಮೊದಲು ತಮಗೆ ತಿಳಿಯದುದನ್ನು ಹೇಳಬೇಕು. ಯಾರಾದರೂ ತಡವರಿಸಿದರೆ ಉಳಿದವರು ಕಾಯಬೇಕು. ಆ ಕಾಯುವಿಕೆಗೆ ತಾಳುಹೊತ್ತೆಂದು ಹೆಸರಿಟ್ಟವನು ನಾನೇ. ಮೊದಮೊದಲು ಅದನ್ನು ತಾಳುವುದು ಯಾರಿಗೂ ಸುಲಭವಾಗಿರಲಿಲ್ಲ. ಹೊನ್ನಮ್ಮ ಸೆರಗಿನ ಚುಂಗನ್ನು ಹಲ್ಲಿನಲ್ಲಿ ಕಚ್ಚಿ ಕೂರುತ್ತಿದ್ದಳು. ಆದರೆ ಅಘನಾಶಿನಿಯನ್ನು ತಾನಿರುವ ಮೂಡಣ ಹಾಸಿನ ಮೇಲಕ್ಕೆ ಕರೆದೊಯ್ದು, ನೆಲಕ್ಕೆ ಕಿವಿಯಿಟ್ಟು ಮಲಗಿಸಿ, ಹಿಂದಲೆ ಬರುವ ಸದ್ದನ್ನು ಕೇಳಿಸಿದವಳೂ ಅವಳೇ. ಅದು ಗೂಡಿನೊಳಗೆ ಎಷ್ಟು ಮಳೆಗಾಲ ಕುಳಿತರೂ ನನ್ನ ಮೊಮ್ಮಗಳಿಗೆ ದಕ್ಕುತ್ತಿರಲಿಲ್ಲ. ಮರುವರ್ಷದ ಒರೆಯಲ್ಲಿ ಇಬ್ಬರೂ ಗೆದ್ದರು. ಬೇರೆ ಇಬ್ಬರು ಸೋತರು. ಸೋತವರಿಗೆ ಊರು ಹೋಳಿಗೆ ಹಂಚಿತು. ಸೋಲುವ ಧೈರ್ಯ ನಮ್ಮವರಿಗೆ ಬಂದುದು ಆಗಲೇ.

ನಿಮ್ಮಲ್ಲೊಂದು ಕೋರಿಕೆ. ನಿಮ್ಮ ಮಕ್ಕಳು ಒಂಟಿಯಾಗಿ ಓದುತ್ತಿದ್ದರೆ, ಅವರಿಗೆ ತಿಳಿಯದಿರುವುದನ್ನು ಅವರಿಗೆ ತೋರಿಸುವ ಒಬ್ಬ ನೆರೆಯವರನ್ನು ಒದಗಿಸಿರಿ. ಕೂಡಿ ಓದುತ್ತಿದ್ದರೆ, ನಿಧಾನದವರ ಮಾತನ್ನು ಕಸಿಯಬೇಡಿರೆಂದು ಕಲಿಸಿರಿ. ಒಂಟಿಗಾಲವನ್ನು ತಡೆಯುವುದು ನಿಮ್ಮಿಂದ ಆಗದಿರಬಹುದು. ಇಷ್ಟು ಮಾಡಿದರೆ ತೆಂಕಣ ಹಾಸಿನವರು ಉಳಿದಾರು.

ಇಲ್ಲಿಗೆ ನಿಲ್ಲಿಸಬೇಕು. ಪಡುವಣದಲ್ಲಿ ಬಾನು ಕಪ್ಪಾಗಿದೆ, ಕಹಳೆ ಕೂಗಿದೆ, ಮಿಣಿಗಳನ್ನು ಬಿಗಿಯುವ ಮಿಣಿಕಟ್ಟೆಯಲ್ಲಿ ನಿಂತಿರುವವಳು ಅಘನಾಶಿನಿ. ಇದು ಅವಳ ಮೊದಲ ಬಿರುಗಾಳಿ. ಮೊದಲ ಅಲೆ ಬಂತು. ಮಿಣಿ ಸಡಿಲಿತು, ನೆಲ ತಗ್ಗಿತು. ಇನ್ನು ಹಿಂದಲೆ. ಅವಳು ಯೋಚಿಸುತ್ತಿದ್ದಾಳೆ, ಕಟ್ಟೆಯ ಸುತ್ತ ನಿಂತವರಲ್ಲಿ ಒಬ್ಬರೂ ಕೂಗುತ್ತಿಲ್ಲ. ಮಿಣಿ ಬಿಗಿಯಿತು. ಊರು ಒಮ್ಮೆ ತೂಗಿ, ನಿಂತಿತು.

ಇಂತು ನಿಮ್ಮ ಮುಂದಿನವನು,
ಮಿಣಿಗಾತಿ ಅಘನಾಶಿನಿಯ ಅಜ್ಜ